ನವಾಹೊ ಬೆಳ್ಳಿ ಸರ ಹರಾಜಲ್ಲಿ ತಗೊಂಡಿರೋರು ಅನುಭವ ಹೇಳಿ

ಚಾಂಡ್ಲರ್ ಕನ್ನಡಿಗ: ಅರಿಜೋನಾಗೆ ಬಂದಾಗಿಂದ ಮನೆಯವಳಿಗೆ ಸ್ಕ್ವಾಶ್ ಬ್ಲಾಸಮ್ ಸರದ ಮೇಲೆ ಆಸೆ, ಅದೇ ಇಲ್ಲಿನ ಮೂಲನಿವಾಸಿ ನವಾಹೊ ಜನ ಮಾಡೋ, ನೀಲಿ ಟರ್ಕಾಯ್ಸ್ ಕಲ್ಲು, ಹೂವಿನಾಕಾರದ ಮಣಿ ಇರೋ ಬೆಳ್ಳಿ ಸರ. ಆನ್‌ಲೈನ್ ಹರಾಜಲ್ಲಿ ಒಂದು ಬಂದಿದೆ, "ನವಾಹೊ, 1940ರ ಸುಮಾರು" ಅಂತ ಹಾಕಿದ್ದಾರೆ, ಸಹಿ ಇಲ್ಲ, ಅಂದಾಜು 800-1,200 ಡಾಲರ್. ಕೂಗಬಹುದಾ?

ಟೂಸಾನ್ ಲಕ್ಷ್ಮಿ: ಮೊದ್ಲು ಲೆಕ್ಕ ಹಾಕಿ, ಆಮೇಲೆ ಕೂಗಿ. ನನ್ನ ಸರದ ಕೂಗು 1,400ಕ್ಕೆ ನಿಂತಿತು, ಅದರ ಮೇಲೆ ಬೈಯರ್ಸ್ ಪ್ರೀಮಿಯಂ ಅಂತ ಹರಾಜಿನವರ ಕಮಿಷನ್ 25 ಪರ್ಸೆಂಟ್ ಅಂದ್ರೆ 350, ಆನ್‌ಲೈನಲ್ಲಿ ಕೂಗಿದ್ದಕ್ಕೆ ಇನ್ನೊಂದು 42, ಟ್ಯಾಕ್ಸ್ ನೂರೈವತ್ತರ ಮೇಲೆ, ಪ್ಯಾಕಿಂಗು ಇನ್ಶೂರೆನ್ಸು 70, ಒಟ್ಟು ಎರಡು ಸಾವಿರ ದಾಟ್ತು. ಬಾಕ್ಸ್ ತೆಗೆದು ನೋಡಿದ್ರೆ ಒಂದು ಹೂವಿನ ಎಸಳು ಮುರಿದಿದ್ದನ್ನ ಯಾರೋ ಸೀಸದ ಬೆಸುಗೆ ಹಾಕಿ ಅಂಟಿಸಿದ್ದಾರೆ, ಬೂದು ಬಣ್ಣದ ಗಂಟು ಎದ್ದು ಕಾಣ್ತಿತ್ತು. ಕಂಡೀಷನ್ ರಿಪೋರ್ಟಲ್ಲಿ ಅದರ ಸುದ್ದಿನೇ ಇಲ್ಲ. ಕೇಳಿದ್ರೆ "ಇದ್ದ ಹಾಗೇ ಮಾರಿದ್ದು" ಅಂದ್ರು. ಸೀಸ ಪೂರ್ತಿ ಕೆರೆದು ತೆಗೆಯದೆ ಬೆಂಕಿಲಿ ಕಾಯಿಸಿದ್ರೆ ಅದು ಬೆಳ್ಳಿನೇ ತಿಂದುಹಾಕತ್ತೆ ಅಂತ ರಿಪೇರಿಯವನು 180 ತಗೊಂಡ. ಹಿಂಭಾಗದ ಫೋಟೋ ಕೊಡದವರ ಹತ್ರ ಕೂಗಲೇಬೇಡಿ.

ಹುಬ್ಬಳ್ಳಿ ಮಂದಿ: ಸಹಿ ಇಲ್ಲಂತ ಯಾಕ ಹೆದರ್ತೀರಿ? 1930ರ ಮುಂಚೆ ಸಹಿ ಹಾಕೋ ರೂಢಿನೇ ಇರಲಿಲ್ಲ, ಆಮ್ಯಾಲೂ ಎಷ್ಟೋ ಮಂದಿ ಹಾಕಿಲ್ಲ. ನಾ ಎಲ್ಲಾ ನ್ಯೂ ಮೆಕ್ಸಿಕೋದ ಗ್ಯಾಲಪ್ ಊರಾಗ ತಗೊಂಡದ್ದು, ನವಾಹೊ ಮಂದಿ ಅಡಾ ಇಟ್ಟು ಬಿಡಿಸ್ಕೊಳ್ಳದ ಮಾಲು, ಅಡವಿನ ಚೀಟಿ ಸಮೇತ. ಮಣಿ ನೋಡ್ರಿ ಮೊದ್ಲ. ಕೈಲೆ ಮಾಡಿದ್ದಾದ್ರ ಎರಡು ಬಟ್ಟಲು ಸೇರ್ಸಿ ಬೆಸದಿರ್ತಾರ, ನಡುವ ಸಣ್ಣ ಗೆರಿ, ಒಂದರಂಗ ಇನ್ನೊಂದು ಇರೂದಿಲ್ಲ. ಕೆಳಗ ತೂಗೋ ಅರ್ಧಚಂದ್ರದಂಥ ಪದಕ, ಅದಕ್ಕ ನಾಜಾ ಅಂತಾರ, ಮರಳಚ್ಚಿನ್ಯಾಗ ಎರಕ ಹೊಯ್ದಿದ್ರ ಹಿಂದ ಒರಟು ಇರ್ತೈತಿ. ಹಳೇವು ನಾಣ್ಯ ಕರಗ್ಸಿ ಮಾಡಿದ್ವು, ಅದಕ್ಕ ಸ್ಟರ್ಲಿಂಗ್ ಬೆಳ್ಳಿಯ 925 ಮುದ್ರಿ ಹುಡುಕಬ್ಯಾಡ್ರಿ. ನನ್ನ ಸರಕ್ಕ ಮೂರು ಸಾವಿರ ಕೊಟ್ಟೀನಿ, ಒಂದು ಡಾಲರೂ ದಂಡ ಆಗಿಲ್ಲ.

ಫ್ಲ್ಯಾಗ್‌ಸ್ಟಾಫ್ ಶಾಲಿನಿ: ಅಡವಿನ ಚೀಟಿ ಇದೆ ಅಂತ ಹೆಮ್ಮೆಯಿಂದ ಹೇಳ್ತೀರಲ್ಲ, ಅದು ಯಾರದೋ ಅಜ್ಜಿಯ ಸರ ರೀ. ಬರಗಾಲದಲ್ಲಿ ಹಿಟ್ಟು ಕಾಫಿಪುಡಿಗೆ ಇಟ್ಟಿದ್ದು. ನಾನು ಹರಾಜಿಗೆ ಹೋದ್ರೆ ನವಾಹೊ ಸೀಮೆಯ ಹಳೇ ವ್ಯಾಪಾರದಂಗಡಿ ಹಬಲ್ ಟ್ರೇಡಿಂಗ್ ಪೋಸ್ಟ್‌ನ ಗೆಳೆಯರ ಬಳಗ ನಡೆಸೋದಕ್ಕೆ, ಇಲ್ಲಾಂದ್ರೆ ಆಗಸ್ಟಲ್ಲಿ ಸಾಂಟಾ ಫೆ ಇಂಡಿಯನ್ ಮಾರ್ಕೆಟ್, ಅಂದ್ರೆ ಮೂಲನಿವಾಸಿ ಕಲಾವಿದರ ಸಂತೆ. ಮಾಡಿದವರ ಕೈಗೇ ದುಡ್ಡು ಕೊಟ್ಟು ತಂದ ಕಡಗ ನಂದು.

ಹುಬ್ಬಳ್ಳಿ ಮಂದಿ: ಅರ್ಧಾ ತಿಳ್ಕೊಂಡು ಮಾತಾಡಬ್ಯಾಡ್ರಿ. ಎಷ್ಟೋ ನವಾಹೊ ಮನಿತನ ಅಡಾ ಇಡೂದು ಜೋಪಾನ ಇರಲಿ ಅಂತ, ಹಬ್ಬಕ್ಕ ಬಿಡಿಸ್ಕೊಂಡು ಹಾಕ್ಕೊಂಡು ಮತ್ತ ತಂದು ಇಡ್ತಿದ್ರು. ಈಗ್ಲೂ ಇಡ್ತಾರ.

ಫ್ಲ್ಯಾಗ್‌ಸ್ಟಾಫ್ ಶಾಲಿನಿ: ಬಿಡಿಸ್ಕೊಂಡಿದ್ರೆ ನಿಮ್ಮ ಕೈಗೆ ಹೇಗೆ ಬಂತು?

ಕಲ್ಲುಪ್ರೇಮಿ: ಜಗಳ ಬಿಡಿ, ಕಲ್ಲಿನ ಬಗ್ಗೆ ಯಾರೂ ಹೇಳ್ಲಿಲ್ಲ. ಅರಿಜೋನಾದ ಗ್ಲೋಬ್ ಅನ್ನೋ ಊರಿನ ಹತ್ರದ ಸ್ಲೀಪಿಂಗ್ ಬ್ಯೂಟಿ ಗಣಿಲಿ ಟರ್ಕಾಯ್ಸ್ ತೆಗೆಯೋದು 2012ರಲ್ಲೇ ನಿಂತಿದೆ, ಆದ್ರೂ ನೀಲಿ ಕಂಡ ಕಲ್ಲಿಗೆಲ್ಲ ಅದೇ ಹೆಸರು ಬರೀತಾರೆ. ನಾನು ಒಂದು ಕಡಗಕ್ಕೆ 650 ಕೊಟ್ಟೆ, ಟೆಸ್ಟ್ ಮಾಡಿಸಿದ್ರೆ ಬಣ್ಣ ಹಾಕಿದ ಹೌಲೈಟ್ ಅನ್ನೋ ಬಿಳಿ ಕಲ್ಲು. ವಾಪಸ್ ಅವಧಿ ಮುಗಿದಿದೆ ಅಂತ ಒಂದು ಪೈಸೆ ಕೊಡ್ಲಿಲ್ಲ, ಆ ಉರಿ ಇನ್ನೂ ಆರಿಲ್ಲ. ಇನ್ನೊಂದು, ಅಮೆರಿಕದ 1990ರ ಕಾನೂನು ಪ್ರಕಾರ ಬೇರೆಯವರು ಮಾಡಿದ್ದನ್ನ ಇಂಡಿಯನ್, ಅಂದ್ರೆ ಇಲ್ಲಿನ ಮೂಲನಿವಾಸಿಗಳ, ಕೈಕೆಲಸ ಅಂತ ಮಾರೋದು ಅಪರಾಧ. ಫಿಲಿಪೀನ್ಸಲ್ಲಿ ಮಾಡಿಸಿದ ಮಾಲು ಮಾರಿದ್ದಕ್ಕೆ 2018ರಲ್ಲಿ ನ್ಯೂ ಮೆಕ್ಸಿಕೋದ ವ್ಯಾಪಾರಿಗೆ 6 ತಿಂಗಳು ಜೈಲಾಗಿದೆ. ಅದಕ್ಕೇ ಕೆಲವರು "ಸೌತ್‌ವೆಸ್ಟ್ ಸ್ಟೈಲ್" ಅಂತ ಬರೆದು ಜಾರ್ಕೋತಾರೆ, ಅಂಥದ್ದಕ್ಕೆ ಕೈ ಎತ್ತಬೇಡಿ.

ಮೀನಾ ಆಂಟಿ: ನಂದು ಬಂದಾಗ ಕಪ್ಪಗಿತ್ತು, ಊರಲ್ಲಿ ದೇವರ ಬೆಳ್ಳಿ ತೊಳೆಯೋ ಹಾಗೆ ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಿದೆ, ಫಳಫಳ ಅಂತಿದೆ ಈಗ.

ಹುಬ್ಬಳ್ಳಿ ಮಂದಿ: ಅಯ್ಯೋ ಅಕ್ಕಾರ! ಆ ಕಪ್ಪಿನ್ಯಾಗನ ಅಚ್ಚಿನ ಕೆಲ್ಸ ಕಾಣೂದು, ಬೆಲಿ ಬರೂದು ಅದಕ್ಕ. ಟರ್ಕಾಯ್ಸ್ ಮೆದು ಕಲ್ಲು, ಹುಳಿ ಎಣ್ಣಿ ಎಲ್ಲಾ ಹೀರ್ಕೊಂಡು ಬಣ್ಣ ಕೆಡ್ತೈತಿ.

ಮೀನಾ ಆಂಟಿ: ನನ್ನ ಸರ, ನಾನು ಹಾಕ್ಕೊಳ್ಳೋಕೆ ತಗೊಂಡಿದ್ದು. ಮಾರೋಕಲ್ಲ. ಕಲ್ಲಿಗೆ ತಾಗದ ಹಾಗೆ ಬಟ್ಟೆ ಕಟ್ಟಿ ಉಜ್ಜಿದ್ದೀನಿ.

ಟೂಸಾನ್ ಲಕ್ಷ್ಮಿ: ಆಂಟಿ ಹೇಳೋದು ಸರಿ. ಕಪ್ಪಗಿರೋದನ್ನೇ ಕುತ್ತಿಗೆಗೆ ಹಾಕ್ಕೊಂಡು ಮದುವೆಗೆ ಹೋಗೋಕಾಗತ್ತಾ?

ಹುಬ್ಬಳ್ಳಿ ಮಂದಿ: ಹಂಗಾದ್ರ ಹೊಸಾದು ತಗೋರಿ, ಹಳೇದು ಹಾಳ್ಮಾಡಬ್ಯಾಡ್ರಿ.