ಅಪ್‌ಡೇಟ್: ಹಳೇ ಕಾರಿನ ಎಂಜಿನ್ ನಡುಕ ನಿಂತಿತು

ಹೋದ ವಾರ ಕೇಳಿದ್ದೆನಲ್ಲ, 14 ವರ್ಷದ ಪೆಟ್ರೋಲ್ ಕಾರು ನಡುಗುತ್ತೆ, ಡೀಲರ್ ಇಂಜೆಕ್ಟರ್ (ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸೋ ಭಾಗ) ಸೆಟ್ಟೇ ಬದಲಿಸಬೇಕು ಅಂತ ಭಾರಿ ಕೊಟೇಶನ್ ಕೊಟ್ಟಿದ್ದಾರೆ ಅಂತ. ಸರಿಹೋಯ್ತು! ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕಿಡಿಗೆ ಬೇಕಾದ ಕರೆಂಟ್ ಕೊಡೋ ಭಾಗ) ಸಿಲಿಂಡರ್‌ಗಳ ನಡುವೆ ಅದಲುಬದಲು ಮಾಡಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಸ್ಕ್ಯಾನರ್‌ನಲ್ಲಿ ಪಿ0302 ಅನ್ನೋ ದೋಷದ ಕೋಡ್ ಬರ್ತಿತ್ತು, ಅಂದ್ರೆ ಎರಡನೇ ಸಿಲಿಂಡರ್ ಮಿಸ್‌ಫೈರ್ (ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ). ಅದರ ಇಗ್ನಿಷನ್ ಕಾಯಿಲನ್ನು ಮೂರನೆಯದಕ್ಕೆ ಹಾಕಿದೆ, ಕೋಡ್ ಪಿ0303 ಆಯ್ತು, ಅಂದ್ರೆ ಮಿಸ್‌ಫೈರ್ ಮೂರನೇ ಸಿಲಿಂಡರ್‌ಗೆ ಹೋಯ್ತು. ತೊಂದರೆ ಕಾಯಿಲ್‌ದೇ. ಟ್ಯಾಂಕಿಗೆ ಕ್ಲೀನರ್ ಸುರಿದದ್ದು, ಬ್ಯಾಟರಿ ಬಿಚ್ಚಿ ಹಾಕಿದ್ದು ಉಪಯೋಗಕ್ಕೆ ಬರಲಿಲ್ಲ.

ನಾನು ಎಣಿಸದೇ ಇದ್ದದ್ದು: ಕಾಯಿಲ್ ಎಳೆದಾಗ ರಬ್ಬರ್ ಬೂಟಿನ ತುದಿಯಿಂದ ಕಪ್ಪು ಆಯಿಲ್ ತೊಟ್ಟಿಕ್ಕಿತು. ವಾಲ್ವ್ ಕವರ್ ಗ್ಯಾಸ್ಕೆಟ್ (ಎಂಜಿನ್ ಮೇಲಿನ ಮುಚ್ಚಳದಲ್ಲಿ ಆಯಿಲ್ ಸೋರದಂತೆ ತಡೆಯೋ ಸೀಲ್) ಗಟ್ಟಿಯಾಗಿ ಪ್ಲಗ್ ಕೂರೋ ಗುಂಡಿಗೆ ಆಯಿಲ್ ಇಳೀತಿತ್ತು. ಬರೀ ಕಾಯಿಲ್ ಹಾಕಿದ್ರೆ ಅದೂ ಹಾಳಾಗ್ತಿತ್ತೇನೋ. ಹೊರಗಿನ ಮೆಕ್ಯಾನಿಕ್ ಹತ್ರ ಕಾಯಿಲ್ ಜೊತೆಗೆ ಗ್ಯಾಸ್ಕೆಟ್, ಪ್ಲಗ್ ಎಲ್ಲಾ ಹಾಕಿಸಿದೆ. ಖರ್ಚು ಕೊಟೇಶನ್ನಿನ ಹತ್ತರಲ್ಲೊಂದು ಪಾಲು. ಐದು ದಿನ ಓಡಿಸಿದ್ದೀನಿ, ಎಂಜಿನ್ ವಾರ್ನಿಂಗ್ ಲೈಟ್ ಮತ್ತೆ ಬಂದಿಲ್ಲ.