ಅಪ್‌ಡೇಟ್: ಬ್ಯಾಗಿನಾಗಿನ ಮೀಡಿಯಾದಾಗ ಸೆಲ್ಸ್ ಯಾಕ ಬೆಳಿಲಿಲ್ಲ, ಗೊತ್ತಾತು

ನಮಸ್ಕಾರ್ರಿ ಎಲ್ಲಾರ್ಗೂ. ಹೋದ ತಿಂಗಳ ನಾನೇ ಕೇಳಿದ್ದೆ, ಕಲಬುರಗಿಯ ನಮ್ಮ ಸಣ್ಣ ಲ್ಯಾಬಿನಾಗ ಸಿಎಚ್‌ಒ ಸೆಲ್ಸ್ (ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದ ಜೀವಕೋಶ) ಗಾಜಿನ ಬಾಟಲಿನಾಗ ಇಟ್ಟ ಮೀಡಿಯಾದಾಗ, ಅಂದ್ರ ಸೆಲ್ಸ್ ಬೆಳಸೋ ಪೋಷಕ ದ್ರವದಾಗ, ಛಲೋ ಬೆಳಿತಾವ, ಒಮ್ಮೆ ಬಳಸಿ ಒಗಿಯೋ ಪ್ಲಾಸ್ಟಿಕ್ ಬ್ಯಾಗಿನಾಗ ಇಟ್ಟ ಅದೇ ಮೀಡಿಯಾ ಹಾಕಿದ್ರ ಯಾಕ ಬೆಳಿವಲ್ವು ಅಂತ. ಕಂಟಾಮಿನೇಷನ್ ನೋಡ್ರಿ ಅಂದವರೇ ಭಾಳ ಮಂದಿ, ನೋಡಿದ್ವಿ, ಏನೂ ಸಿಗ್ಲಿಲ್ಲ. ಒಬ್ಬ ಅಕ್ಕಾರು ಮಾತ್ರ ಬ್ಯಾಗಿನ ಫಿಲ್ಮ್ (ಬ್ಯಾಗ್ ಮಾಡಿದ ಪ್ಲಾಸ್ಟಿಕ್ ಹಾಳಿ) ಚೆಕ್ ಮಾಡ್ರಿ ಅಂದಿದ್ರು, ಅವರ ಮಾತೇ ಖರೇ ಆತು.

ಒಂದೇ ಬ್ಯಾಚಿನ ಮೀಡಿಯಾ ಗಾಜಿನ ಬಾಟಲಿಗೆ, ನಮ್ಮ ಬ್ಯಾಗಿಗೆ, ಬ್ಯಾರೆ ಫಿಲ್ಮಿನ ಬ್ಯಾಗಿಗೆ ತುಂಬಿ 37 ಡಿಗ್ರಿಗೆ ಮೂರ್ ದಿನ ಇಟ್ಟು ಆಮ್ಯಾಲೆ ಸೆಲ್ಸ್ ಹಾಕಿ ದಿನಾ ಎಣಿಸಿದ್ವಿ, ನಮ್ಮ ಬ್ಯಾಗಿಂದು ಮಾತ್ರ ಮ್ಯಾಲೆ ಏಳ್ಲೇ ಇಲ್ಲ. ಸಪ್ಲೈಯರ್ ಬೆನ್ನು ಹತ್ತಿ ಕೇಳಿದ್ಮ್ಯಾಲೆ ಆ ಪಾಲಿಎಥಿಲೀನ್ ಫಿಲ್ಮಿನಾಗ ಪ್ಲಾಸ್ಟಿಕ್ ಕೆಡದಂಗ ಹಾಕೋ ಇರ್ಗಾಫಾಸ್ 168 ಅನ್ನೋ ಆಂಟಿಆಕ್ಸಿಡೆಂಟ್ ಅದ ಅಂತ ಹೇಳಿದ್ರು. ಸ್ಟೆರಿಲೈಸ್ ಮಾಡ್ಲಿಕ್ಕೆ ಗಾಮಾ ಕಿರಣ ಕೊಟ್ಟಾಗ ಅದು ಒಡೆದು ಬಿಡಿಟಿಬಿಪಿಪಿ ಅನ್ನೋ ರಾಸಾಯನಿಕ ಹುಟ್ಟಿ ಮೀಡಿಯಾಕ್ಕ ಇಳಿತದ, ಒಂದು ಪಿಪಿಎಂಗಿಂತ (ಹತ್ತು ಲಕ್ಷದಾಗ ಒಂದು ಪಾಲು) ಎಷ್ಟೋ ಕಡಿಮಿ ಇದ್ರೂ ಸೆಲ್ ಬೆಳಿಯೋದನ್ನ ತಡೀತದ. ಇದು 2013ರಾಗೇ ಪ್ರಕಟ ಆಗ್ಯದ, ನಾ ಮೊದಲೇ ಓದಬೇಕಿತ್ತು. ಯುಎಸ್‌ಪಿ ಕ್ಲಾಸ್ 6 (ಪ್ಲಾಸ್ಟಿಕ್ಕಿಗೆ ಮಾಡೋ ಅಮೆರಿಕದ ಸುರಕ್ಷತಾ ಟೆಸ್ಟ್) ಸರ್ಟಿಫಿಕೇಟ್ ಅದ ಅಂತ ನಿಶ್ಚಿಂತಿ ಇದ್ವಿ, ಆದ್ರ ಆ ಟೆಸ್ಟ್ ಪ್ರಾಣಿ ಮ್ಯಾಲಿನ ಪರಿಣಾಮ ನೋಡ್ತದ, ನಿಮ್ಮ ಸೆಲ್ಸ್ ಬೆಳಿತಾವೋ ಇಲ್ಲೋ ಅದು ಹೇಳಂಗಿಲ್ಲ.

ಬಿಸಿ ಹೆಚ್ಚಾದಷ್ಟೂ, ದಿನ ಹೆಚ್ಚಾದಷ್ಟೂ ಈ ರಾಸಾಯನಿಕ ಮೀಡಿಯಾಕ್ಕ ಹೆಚ್ಚು ಇಳಿತದ್ರಿ. ನಮ್ಮ ಕಡಿ ಮೇ ತಿಂಗಳ ಬಿಸಲು 40 ದಾಟ್ತದ, ಕರೆಂಟ್ ಹೋಗೋ ರೂಮಿನಾಗ ತುಂಬಿದ ಬ್ಯಾಗ್ ಇಡಬ್ಯಾಡ್ರಿ. ನಾವೀಗ ಆ ಬ್ಯಾರೆ ಫಿಲ್ಮಿನ ಬ್ಯಾಗೇ ತರಿಸೀವಿ, ಪ್ರತಿ ಲಾಟಿಗೂ ಇದೇ ಟೆಸ್ಟ್ ಮಾಡಿ ಆಮ್ಯಾಲೇ ಬಳಸ್ತೀವಿ. ಅಕ್ಕಾರ, ನಿಮಗ ಭಾಳ ಥ್ಯಾಂಕ್ಸ್ ರಿ.