ಮುಖಕ್ಕೆ ನಿಂಬೆ, ಟೊಮೆಟೊ ಹಚ್ಚಿದ ಮೇಲೆ ಉರಿ ಶುರುವಾಗಿದೆ, ಬಂಗೂ ಹೆಚ್ಚಿದೆ: ಈ ಬೇಸಿಗೆಗೆ ಮನೆಯಲ್ಲಿ ಏನು ಮಾಡಬಹುದು?

ಮಾವಿನತೋಪು, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಮನೆಗೆಲಸ ಮುಗಿಸಿ, ಬೆಳಿಗ್ಗೆ ಹತ್ತರ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಸ್ಕೂಟಿಯಲ್ಲಿ ತೋಟಕ್ಕೆ ಹೋದರೆ ಹಿಂತಿರುಗುವುದು ಮಧ್ಯಾಹ್ನ ಎರಡಕ್ಕೆ. ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆಯ ಬಿಸಿಲು ಹೇಗಿರುತ್ತದೆಂದು ಕೋಲಾರ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಮಗು ಹೊಟ್ಟೆಯಲ್ಲಿದ್ದಾಗ ಎರಡೂ ಕೆನ್ನೆಗಳ ಮೇಲೆ ಕಾಣಿಸಿಕೊಂಡ ಬಂಗು ಚಳಿಗಾಲದಲ್ಲಿ ತುಸು ತಿಳಿಯಾಗುತ್ತದೆ, ಯುಗಾದಿಯ ಹೊತ್ತಿಗೆ ಮತ್ತೆ ಕಪ್ಪಾಗುತ್ತದೆ.

ಮೊಬೈಲಿನಲ್ಲಿ ನೋಡಿದ ಸಲಹೆಯನ್ನು ನಂಬಿ, ಅರ್ಧ ನಿಂಬೆಹಣ್ಣನ್ನು ಸಕ್ಕರೆಯಲ್ಲಿ ಅದ್ದಿ ಮುಖಕ್ಕೆ ಉಜ್ಜಿಕೊಂಡೆ. ಮುಖವನ್ನು ನೀರಿನಿಂದ ತೊಳೆದು ಅಂದೇ ತೋಟಕ್ಕೆ ಹೋದೆ. ಎರಡು ದಿನಗಳ ನಂತರ ನೋಡಿದರೆ, ರಸ ದವಡೆಯಿಂದ ಕತ್ತಿನವರೆಗೆ ಇಳಿದಿದ್ದ ದಾರಿಯಲ್ಲೇ ಕಂದು ಬಣ್ಣದ ಗೆರೆಯೊಂದು ಮೂಡಿತ್ತು. ಅದು ಇನ್ನೂ ಹೋಗಿಲ್ಲ. ನಿಂಬೆ ಬೇಡವೆಂದು ವಾರವಿಡೀ ಟೊಮೆಟೊ ಹೋಳು ಉಜ್ಜಿದೆ. ಅದರಿಂದ ಉರಿ ಬಂತೇ ಹೊರತು ಬಣ್ಣ ತಿಳಿಯಾಗಲಿಲ್ಲ. ಈಗ ತಣ್ಣೀರು ಸೋಕಿದರೂ ಕೆನ್ನೆ ಚುರುಗುಟ್ಟುತ್ತದೆ. ನಮ್ಮದು ಕೊಳವೆಬಾವಿಯ ಗಡಸು ನೀರು. ಸೋಪು ನೊರೆ ಬರುವುದಿಲ್ಲ, ಸ್ನಾನ ಮಾಡಿ ಬಂದರೆ ಚರ್ಮ ಬಿಗಿದುಕೊಂಡಂತಾಗುತ್ತದೆ. ಹೆಚ್ಚು ಖರ್ಚಿಲ್ಲದೆ ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದನ್ನು ದಯವಿಟ್ಟು ತಿಳಿಸಿ.

ಔಷಧದಂಗಡಿ, ಮಧುಗಿರಿ

ಅಕ್ಕ, ಮೊದಲು ನಿಮ್ಮ ಕತ್ತಿನ ಗೆರೆಯ ವಿಷಯ. ನಿಂಬೆಯ ರಸದಲ್ಲಿಯೂ ಸಿಪ್ಪೆಯಲ್ಲಿಯೂ ಫ್ಯೂರೋಕೂಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲೆ ಉಳಿದಾಗ ಬಿಸಿಲು ಬಿದ್ದರೆ ಆ ಜಾಗ ಸುಟ್ಟಂತಾಗಿ, ಒಂದೆರಡು ದಿನಗಳಲ್ಲಿ ಕೆಂಪಾಗಿ, ಕೆಲವರಿಗೆ ಗುಳ್ಳೆಯೂ ಎದ್ದು, ಕೊನೆಗೆ ಕಪ್ಪು ಕಲೆಯಾಗಿ ನಿಲ್ಲುತ್ತದೆ. ರಸ ಹರಿದ ಆಕಾರದಲ್ಲೇ ಕಲೆ ಬಿದ್ದಿರುವುದು ಇದರ ಸ್ಪಷ್ಟ ಗುರುತು. ಅದನ್ನು ಉಜ್ಜಬೇಡಿ; ಬಿಸಿಲು ತಾಗದಂತೆ ನೋಡಿಕೊಂಡರೆ ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ. ಇದಲ್ಲದೆ, ಆರೋಗ್ಯವಂತ ಚರ್ಮದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5ರ ಆಸುಪಾಸಿನಲ್ಲಿರುತ್ತದೆ, ನಿಂಬೆರಸದ್ದು 2ರಿಂದ 3ರ ನಡುವೆ ಇರುತ್ತದೆ. ಅಷ್ಟು ಹುಳಿಯನ್ನು ಸಕ್ಕರೆಯ ಹರಳುಗಳೊಂದಿಗೆ ತಿಕ್ಕಿದಾಗ ಚರ್ಮದ ಮೇಲ್ಪದರ ಕೆರೆದುಹೋಗುತ್ತದೆ, ಮೇಲೆ ಟೊಮೆಟೊ ಬಿದ್ದರೆ ಉರಿಯದೆ ಇನ್ನೇನಾದೀತು? ಅಡುಗೆ ಸೋಡಾವನ್ನಂತೂ ಯಾರು ಹೇಳಿದರೂ ಮುಖಕ್ಕೆ ಹಾಕಬೇಡಿ.

ಇನ್ನು ಬಂಗು. ಬಸಿರು, ಹಾರ್ಮೋನ್ ಮಾತ್ರೆಗಳು, ವಂಶದಿಂದ ಬಂದ ಗುಣ ಇವೆಲ್ಲ ಅದರ ಹಿಂದೆ ಇರಬಹುದು. ಆದರೆ ಅದನ್ನು ಪ್ರತಿ ಬೇಸಿಗೆಯಲ್ಲಿ ಎಬ್ಬಿಸುವುದು ಬಿಸಿಲೇ. ಹೀಗಾಗಿ ಏನನ್ನು ಹಚ್ಚಬೇಕು ಎನ್ನುವುದಕ್ಕಿಂತ ಬಿಸಿಲನ್ನು ಹೇಗೆ ತಡೆಯಬೇಕು ಎನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ. ನೀವು ಹೊರಗಿರುವ ಹತ್ತರಿಂದ ಎರಡರ ಹೊತ್ತೇ ದಿನದ ಅತಿ ಕಟುವಾದ ಬಿಸಿಲಿನ ಹೊತ್ತು. ಸಾಧ್ಯವಾದರೆ ಏಳಕ್ಕೆ ಹೋಗಿ ಹತ್ತರೊಳಗೆ ಬಂದುಬಿಡಿ. ಆಗದಿದ್ದರೆ, ಒತ್ತಾಗಿ ನೇಯ್ದ ಗಾಢ ಬಣ್ಣದ ಹತ್ತಿ ಬಟ್ಟೆಯನ್ನು ಮುಖಕ್ಕೂ ಕತ್ತಿಗೂ ಸುತ್ತಿಕೊಂಡು ಅದರ ಮೇಲೆ ಹೆಲ್ಮೆಟ್ ಹಾಕಿ, ತೋಟದಲ್ಲಿ ಅಗಲ ಅಂಚಿನ ಟೊಪ್ಪಿಗೆ ಇರಲಿ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆಯದು ಕಂಡರೆ ಬಿಸಿಲೂ ಅಷ್ಟೇ ಸಲೀಸಾಗಿ ಒಳಗೆ ಬರುತ್ತದೆ.

ಇದರೊಂದಿಗೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಬೇಕು. ಸರಿಯಾದ ಪ್ರಮಾಣದಲ್ಲಿ ಹಚ್ಚಿದಾಗ 30 ಎಂದಿರುವುದು ಬಿಸಿಲಿನಲ್ಲಿ ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಶೇಕಡಾ 97ರಷ್ಟನ್ನು, 50 ಎಂದಿರುವುದು ಶೇಕಡಾ 98ರಷ್ಟನ್ನು ತಡೆಯುತ್ತದೆ. ಅಂಕಿ ಹೆಚ್ಚಿದೆಯೆಂದು ದುಪ್ಪಟ್ಟು ಬೆಲೆ ಕೊಡುವ ಅಗತ್ಯವಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳು ಕಡಲೆಕಾಳಿನಷ್ಟು ತೆಗೆದುಕೊಂಡು ಇಡೀ ಮುಖಕ್ಕೆ ಸವರುತ್ತಾರೆ, ಅದು ಸಾಲದು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖಕ್ಕೂ ಕತ್ತಿಗೂ ಸರಿಹೋಗುತ್ತದೆ. ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಇರುವವರಿಗೆ ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣವಿರುವ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು, ಏಕೆಂದರೆ ಕಣ್ಣಿಗೆ ಕಾಣುವ ಬೆಳಕು ಕೂಡ ಬಂಗನ್ನು ಗಾಢಗೊಳಿಸುತ್ತದೆ.

ಕೊನೆಗೆ ಒಂದು ಮಾತು ಕೇಳಬೇಕಾಗಿದೆ. ತಣ್ಣೀರಿಗೂ ಉರಿಯುವಷ್ಟು ಕೆನ್ನೆ ಸೂಕ್ಷ್ಮವಾಗಿದೆಯೆಂದರೆ ಅದು ಟೊಮೆಟೊ ಒಂದರಿಂದಲೇ ಆಗಿರಲಾರದು. ಅಂಗಡಿಯಿಂದ ತಂದ ಯಾವುದಾದರೂ ಟ್ಯೂಬನ್ನು ಹಚ್ಚುತ್ತಿದ್ದೀರಾ?

ರೇಷ್ಮೆಗೂಡು, ಶಿಡ್ಲಘಟ್ಟ

ನೀರಿನ ವಿಷಯಕ್ಕೆ ನನ್ನ ಅನುಭವವನ್ನು ಹೇಳುತ್ತೇನೆ. ನಮ್ಮಲ್ಲಿಯೂ ಹಂಡೆಯ ಅಂಚಿನಲ್ಲಿ ಬಿಳಿಯ ಪದರ ಕಟ್ಟುವಂಥ ನೀರೇ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಜಿಡ್ಡಿನ ಮಡ್ಡಿಯಾಗಿ ಚರ್ಮದ ಮೇಲೆ ಕೂರುತ್ತದೆ, ನೀವು ಹೇಳುವ ಬಿಗಿತಕ್ಕೆ ಅದೂ ಒಂದು ಕಾರಣ. ನಾನು ಮುಖಕ್ಕೆ ಸೋಪು ಬಿಟ್ಟು ವರ್ಷಗಳಾದವು. ನುಣ್ಣಗೆ ಬೀಸಿ ವಸ್ತ್ರಗಾಳಿ ಹಿಡಿದ ಹೆಸರುಹಿಟ್ಟನ್ನು ಹಾಲಿನಲ್ಲಿ ಕಲಸಿ, ತಿಕ್ಕದೆ, ಮೆಲ್ಲಗೆ ಸವರಿ ತೊಳೆಯುತ್ತೇನೆ. ಮಳೆಗಾಲದಲ್ಲಿ ಸೂರಿನ ನೀರನ್ನು ಹಿಡಿದಿಟ್ಟರೆ ತಲೆಸ್ನಾನಕ್ಕೆ ಅದಕ್ಕಿಂತ ಒಳ್ಳೆಯ ನೀರಿಲ್ಲ, ಆದರೆ ಏಪ್ರಿಲ್‌ನಲ್ಲಿ ಅದನ್ನು ಎಲ್ಲಿಂದ ತರೋಣ? ಸ್ನಾನವಾದ ಕೂಡಲೇ, ಮೈಯಲ್ಲಿ ತೇವ ಇನ್ನೂ ಇರುವಾಗಲೇ, ಕೈಕಾಲುಗಳಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿದರೆ ತೇವ ಒಳಗೇ ಉಳಿಯುತ್ತದೆ. ಮುಖದಲ್ಲಿ ಮೊಡವೆ ಏಳುವವರು ಮಾತ್ರ ಅಲ್ಲಿಗೆ ಎಣ್ಣೆ ಹಚ್ಚಬಾರದು.

ರೇಷ್ಮೆ ನೂಲು ತೆಗೆಯುವ ಮನೆಯ ಹೆಂಗಸರ ಕೈಗಳನ್ನು ನೋಡಿದ್ದೀರಾ? ದಿನವಿಡೀ ಗೂಡು ಬೇಯಿಸಿದ ಬಿಸಿನೀರಿನಲ್ಲಿ ಬೆರಳಾಡಿಸಿ, ಸಂಜೆಗೆ ಬೆರಳ ತುದಿ ಬೆಳ್ಳಗೆ ನೆನೆದು ಸುಕ್ಕಾಗಿರುತ್ತದೆ. ಬೇಸಿಗೆಯಲ್ಲಿ ಸಂದುಗಳು ಒಡೆದು ಉಪ್ಪು ಖಾರ ಮುಟ್ಟಿದರೆ ಜೀವ ಹೋದಂತಾಗುತ್ತದೆ. ಮುಖದ ಚೆಲುವಿಗೆ ನೂರು ಸಲಹೆ ಬರೆಯುವವರು ಈ ಕೈಗಳನ್ನು ಮರೆಯುತ್ತಾರೆ. ನನ್ನ ಅತ್ತೆ ರಾತ್ರಿ ಕೈ ತೊಳೆದು, ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಹಳೆಯ ಹತ್ತಿಯ ಕೈಗವಸು ಹಾಕಿಕೊಂಡು ಮಲಗುತ್ತಾರೆ. ನಾಲ್ಕೈದು ರಾತ್ರಿಗಳಲ್ಲೇ ಬಿರುಕು ಕೂಡಿಕೊಳ್ಳುತ್ತದೆ.

ಬೆವರುಸಾಲೆಗೆ ಪೌಡರ್ ಮೆತ್ತಬೇಡಿ. ಬೆವರಿನ ರಂಧ್ರ ಕಟ್ಟಿಕೊಂಡು ಏಳುವ ಗುಳ್ಳೆಗಳ ಮೇಲೆ ಪೌಡರ್ ಹೆಪ್ಪುಗಟ್ಟಿದರೆ ಕೆರೆತ ಇನ್ನೂ ಹೆಚ್ಚುತ್ತದೆ. ಸಡಿಲವಾದ ಹತ್ತಿ ರವಿಕೆ, ಎರಡು ಹೊತ್ತು ತಣ್ಣೀರ ಸ್ನಾನ, ಬೇಕಾದರೆ ಕ್ಯಾಲಮೈನ್ ಲೋಷನ್ ಸಾಕು.

ಗೌರಿಬಿದನೂರಿನ ಮಗಳು

ತೋಟಕ್ಕೆ ಹೋಗುವವರಾದ್ದರಿಂದ ಇದನ್ನೂ ಗಮನಿಸಿ. ನನ್ನ ತಾಯಿಗೆ ಪ್ರತಿ ಬೇಸಿಗೆಯಲ್ಲಿ ರೆಪ್ಪೆ, ಕತ್ತು ಮತ್ತು ಮೊಣಕೈ ಮಡಿಕೆಗಳಲ್ಲಿ ತುರಿಕೆ ಎದ್ದು ಚರ್ಮ ದಪ್ಪಗಾಗುತ್ತಿತ್ತು. ಬಿಸಿಲಿನ ದೋಷವೆಂದೇ ತಿಳಿದಿದ್ದೆವು. ವೈದ್ಯರು ಪಾರ್ಥೇನಿಯಂ ಎಂಬ ಕಳೆಗಿಡದ ಅಲರ್ಜಿ ಎಂದರು. ಗಿಡವನ್ನು ಮುಟ್ಟದಿದ್ದರೂ ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ತಾಗಿದರೆ ಸಾಕಂತೆ. ಬದುವಿನ ಮೇಲೆ ಅದು ಇದ್ದರೆ, ಹೂ ಬಿಡುವ ಮೊದಲೇ ಅಲರ್ಜಿ ಇಲ್ಲದವರಿಂದ ಕೀಳಿಸಿ, ಮನೆಗೆ ಬಂದೊಡನೆ ಬಟ್ಟೆ ಬದಲಿಸಿ.

ಮಾವಿನತೋಪು, ಶ್ರೀನಿವಾಸಪುರ

ಎಲ್ಲರಿಗೂ ತುಂಬಾ ಧನ್ಯವಾದಗಳು. ಮಧುಗಿರಿಯ ಸೋದರಿ ಕೇಳಿದ್ದು ಸರಿಯಾಗಿದೆ. ಪಕ್ಕದ ಮನೆಯವರು ಹೇಳಿದರೆಂದು ಅಂಗಡಿಯೊಂದರಲ್ಲಿ ಒಂದು ಟ್ಯೂಬು ಕೇಳಿದೆ. ಅಂಗಡಿಯವರು ವೈದ್ಯರ ಚೀಟಿ ಕೇಳದೆ ಕೊಟ್ಟರು. ಮೊದಲ ಹದಿನೈದು ದಿನ ಮುಖ ಹೊಳೆಯುವಂತಾಗಿ ಎಲ್ಲರೂ ಕೇಳುವಂತಾಯಿತು. ಐದು ತಿಂಗಳಿನಿಂದ ಹಚ್ಚುತ್ತಿದ್ದೇನೆ. ಎರಡು ದಿನ ಬಿಟ್ಟರೆ ಕೆಂಪಗಾಗಿ ಉರಿಯುತ್ತದೆ, ಹಚ್ಚಿದರೆ ಶಮನವಾಗುತ್ತದೆ. ಟ್ಯೂಬಿನ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿದೆ.

ಔಷಧದಂಗಡಿ, ಮಧುಗಿರಿ

ಅಕ್ಕ, ಓದಿ ಸಂಕಟವಾಯಿತು. ನಿಮ್ಮ ತಪ್ಪು ಇದರಲ್ಲಿಲ್ಲ, ಚೀಟಿಯಿಲ್ಲದೆ ಕೊಡಬಾರದ ಔಷಧವನ್ನು ಕೊಟ್ಟವರ ತಪ್ಪು. ಹೈಡ್ರೋಕ್ವಿನೋನ್ ಕಲೆಯ ಬಣ್ಣ ತಿಳಿಗೊಳಿಸುವ ಔಷಧ, ಮೊಮೆಟಾಸೋನ್ ಉರಿಯೂತ ತಗ್ಗಿಸುವ ಒಂದು ಸ್ಟೆರಾಯ್ಡ್. ಬಂಗಿಗೆ ಈ ಮೂರರ ಮಿಶ್ರಣವನ್ನು ವೈದ್ಯರು ಕೆಲವೇ ವಾರಗಳ ಮಟ್ಟಿಗೆ, ತಮ್ಮ ಕಣ್ಣೆದುರಿನಲ್ಲಿ ಬಳಸುವುದುಂಟು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆಯೂ ಬೇಡದ ಕೂದಲೂ ಬರುತ್ತವೆ, ಬಿಟ್ಟ ಕೂಡಲೇ ಉರಿ ಏಳುತ್ತದೆ. ಟ್ರೆಟಿನಾಯಿನ್ ಬಿಸಿಲಿಗೆ ಚರ್ಮವನ್ನು ಇನ್ನೂ ಸೂಕ್ಷ್ಮವಾಗಿಸುತ್ತದೆ, ನೀವಾದರೋ ಅದನ್ನು ಹಚ್ಚಿಕೊಂಡು ನಡುಹಗಲಿನಲ್ಲಿ ತೋಟದಲ್ಲಿರುತ್ತೀರಿ.

ಈ ವಾರವೇ ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮದ ವೈದ್ಯರನ್ನು ಕಾಣಿ. ಇದನ್ನು ಹೇಗೆ ಬಿಡಿಸಬೇಕು, ಒಮ್ಮೆಗೇ ನಿಲ್ಲಿಸಬೇಕೇ ಮೆಲ್ಲಮೆಲ್ಲಗೆ ಕಡಿಮೆ ಮಾಡಬೇಕೇ ಎಂಬುದನ್ನು ಅವರೇ ನೋಡಿ ಹೇಳಬೇಕು. ಉರಿ ಎದ್ದಾಗ ತಣ್ಣೀರಿನಲ್ಲಿ ಅದ್ದಿ ಹಿಂಡಿದ ತೆಳು ಬಟ್ಟೆಯನ್ನು ಹತ್ತು ನಿಮಿಷ ಹಾಕಿಕೊಳ್ಳಿ, ಸುವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿ. ಅಲ್ಲಿಯವರೆಗೆ ಹೆಸರುಹಿಟ್ಟು, ಅರಿಶಿನ, ಲೋಳೆಸರ ಯಾವುದೂ ಬೇಡ. ಲೋಳೆಸರ ಒಳ್ಳೆಯದೇ, ಆದರೆ ಕೊಯ್ದಾಗ ಒಸರುವ ಹಳದಿ ಹಾಲು ಪೂರ್ತಿ ಇಳಿದುಹೋಗದಿದ್ದರೆ ಅದೂ ಉರಿಸುತ್ತದೆ. ಟ್ಯೂಬನ್ನೂ ಅದರ ರಟ್ಟಿನ ಪೆಟ್ಟಿಗೆಯನ್ನೂ ಎಸೆಯದೆ ಜೊತೆಗೆ ಒಯ್ಯಿರಿ.

ಮಾವಿನತೋಪು, ಶ್ರೀನಿವಾಸಪುರ

ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಟ್ಯೂಬು ಚೀಲದಲ್ಲಿದೆ. ಅದನ್ನೇ ಹಚ್ಚುತ್ತಿರುವ ಪಕ್ಕದ ಮನೆಯವರನ್ನೂ ಕರೆದಿದ್ದೇನೆ, ಬರುತ್ತೇನೆಂದು ಹೇಳಿದ್ದಾರೆ.